ಕಲ್ಲಿನ ಕಾವಲು

ಊರ ಮುಂದಿನ ವೀರಗಲ್ಲನ್ನು ಮ್ಯೂಸಿಯಂಗೆ ಒಯ್ಯುತ್ತಾರೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮಾಡದಕೆರೆಯ ಅನ್ನಪೂರ್ಣಮ್ಮ ಹೋಗಿ ಅದನ್ನು ತಬ್ಬಿ ಕೂತುಬಿಟ್ಟರು. ಸೊಸೆಯಾಗಿ ಬಂದಾಗಿನಿಂದ ತಾನು ಎಣ್ಣೆ ಹಚ್ಚಿದ ಕಲ್ಲು. ಒಯ್ಯಲಿಕ್ಕೆ ಇದೇನು ಅವರಪ್ಪನ ಮನೆ ಗಂಟೇ?

ಆದರೆ ಚಿತ್ರದುರ್ಗದ ಮ್ಯೂಸಿಯಂನಿಂದ ಬಂದದ್ದು ಲಾರಿಯಲ್ಲ, ಮಹ್ವಿಶ್ ಎಂಬ ಹುಡುಗಿ. ಅವಳು ಮೊಬೈಲು ಹಿಡಿದು, ಎಲ್ಲ ಮಗ್ಗುಲಿನಿಂದಲೂ ಚಿತ್ರ ತೆಗೆಯುತ್ತಾ ಕಲ್ಲಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು.

"ಇಷ್ಟೇ ಅಜ್ಜಿ. ಕಲ್ಲು ಇಲ್ಲೇ ಇರ್ತೈತೆ, ಅದ್ರ ರೂಪ ಮಾತ್ರ ಇದ್ರಾಗೆ ಉಳಿತೈತೆ."

ಅನ್ನಪೂರ್ಣಮ್ಮನಿಗೆ ಹೋದ ಜೀವ ಬಂದಂತಾಯಿತು. ಪರದೆಯ ಮೇಲೆ ವೀರ ಕತ್ತಿ ಹಿಡಿದು ತಿರುಗುತ್ತಿದ್ದ. ಅವನನ್ನು ತಬ್ಬಿಕೊಂಡು ಅವರೂ ತಿರುಗುತ್ತಿದ್ದರು.

"ನೀವು ಒಂಚೂರು ಎದ್ರೆ ಇನ್ನೊಂದ್ಸಲ ತಗಂತೀನಿ," ಎಂದಳು ಮಹ್ವಿಶ್.

"ಬ್ಯಾಡ ಬಿಡವ್ವ. ನಾಳೆ ಅದ್ರಾಗಿಂದ ಯಾರಾದ್ರೂ ಒಯ್ಯಾಕೆ ಬಂದ್ರೆ? ನಾನು ಅಲ್ಲೇ ಕುಂತಿರ್ತೀನಿ."