ಸೋಮವಾರ ಒಂಬತ್ತು ಗಂಟೆಗೆ

"ಬಾಯಾರ, ನಿಮ್ಮ ದವಾಖಾನಿಂದ ನನ್ನ ಫೋನಿಗೆ ಏನೋ ಬಂದೈತ್ರಿ. ಇಂಗ್ಲಿಷ್‌ನ್ಯಾಗ ಐತಿ. ಒಂಚೂರು ಓದಿ ಹೇಳ್ರಿ."

ಕಾಡಪ್ಪ ಕಿಸೆಯಿಂದ ಫೋನು ತೆಗೆದು, ಅಂಗಿಯ ಚುಂಗಿಗೆ ಒರೆಸಿ ಕೌಂಟರಿನ ಮೇಲಿಟ್ಟ. ನವಿ ಮುಂಬಯಿಯಲ್ಲಿ, ವಾಶಿಯ ಈರುಳ್ಳಿ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ತೂಕ ಹಾಕಿದ ಮನುಷ್ಯ. ಕನ್ನಡ ಓದುತ್ತಾನೆ, ಮರಾಠಿ ಬೋರ್ಡು ಓದುತ್ತಾನೆ, ಇಂಗ್ಲಿಷಿನ ತಂಟೆಗೆ ಮಾತ್ರ ಹೋದವನಲ್ಲ. ದಮಯಂತಿ ಕನ್ನಡಕ ಏರಿಸಿಕೊಂಡು ಓದಿದಳು. 'ಶೈಲಶ್ರೀಯವರೇ, ನಿಮ್ಮ ಫಿಟ್ಸ್ ಮಾತ್ರೆ ಮುಗಿಯುತ್ತಾ ಬಂದಿದೆ. ದಯವಿಟ್ಟು ಬಂದು ಡಾಕ್ಟರರನ್ನು ಕಾಣಿ.' ಫೋನಿನ ಮುಖವನ್ನು ತನ್ನತ್ತ ತಿರುಗಿಸಿಕೊಂಡಳು.

ಶೈಲಶ್ರೀ ಎಂದರೆ ಕಾಡಪ್ಪನ ಸೊಸೆ. ಅವಳಿಗೆ ಫಿಟ್ಸ್ ಇದೆ ಎನ್ನುವುದು ಅವರೆಲ್ಲ ಇರುವ ಕೋಪರಖೈರಣೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು: ಡಾಕ್ಟರ್ ವಿಷ್ಣುಮೂರ್ತಿಯವರಿಗೆ, ಮತ್ತು ಅವರ ಕ್ಲಿನಿಕ್ಕಿನಲ್ಲಿ ಹದಿನೆಂಟು ವರ್ಷದಿಂದ ಕೌಂಟರು ನೋಡಿಕೊಳ್ಳುವ ದಮಯಂತಿಗೆ. ಗಂಡ ಪ್ರಭುದೇವನಿಗೇ ಗೊತ್ತಿರಲಿಲ್ಲ. ತವರಿನವರು ಮುಚ್ಚಿಟ್ಟು ಮದುವೆ ಮಾಡಿದ್ದರು.

"ಎಂತ ಇಲ್ಲ ಮಾರಾಯ್ರೆ," ಎಂದಳು ದಮಯಂತಿ. ತನ್ನ ದನಿ ಇಷ್ಟು ಸಲೀಸಾಗಿ ಬಂದದ್ದು ಅವಳಿಗೇ ಸೋಜಿಗ. "ನಿಮ್ಮ ಹೆಂಡತಿಗೆ ಶುಗರ್ ಟೆಸ್ಟ್ ಮಾಡ್ಲಿಕ್ಕುಂಟಂತೆ. ಕರ್ಕೊಂಡು ಬನ್ನಿ ಅಂತ ಬರೆದಿದೆ."

"ಆಕಿಗೆಲ್ಲಿ ಶುಗರ್ ಐತ್ರಿ?"

"ಇಲ್ಲದವರೂ ವರ್ಷಕ್ಕೊಮ್ಮೆ ನೋಡಿಸ್ಬೇಕಲ್ವಾ? ಅಯ್ಯೋ, ನೋಡಿ, ನನ್ನ ಕೈ ತಾಗಿ ಅಳಿಸಿಯೇ ಹೋಯ್ತು."

"ಹೋಗ್ಲಿ ಬಿಡ್ರಿ. ನೀವು ಓದಿ ಹೇಳಿದ್ರಲ್ಲ, ಸಾಕು," ಎಂದು ಕಾಡಪ್ಪ ಫೋನು ಕಿಸೆಗೆ ಇಳಿಸಿ, ಕೈ ಮುಗಿದು ಹೊರಟ. ಅವನು ರಸ್ತೆ ದಾಟುವವರೆಗೂ ದಮಯಂತಿ ಬಾಗಿಲಿನತ್ತಲೇ ನೋಡುತ್ತಿದ್ದಳು.

ತಪ್ಪು ಯಾರದ್ದೆಂದು ಹುಡುಕಲು ದೂರ ಹೋಗಬೇಕಿರಲಿಲ್ಲ. ಆ ಕ್ಲಿನಿಕ್ಕಿನಲ್ಲಿ ಮೊದಲಿಂದಲೂ ಮನೆಗೊಂದೇ ಫೈಲು. ಯಜಮಾನನ ಹೆಸರು ಮೇಲೆ, ಅವನ ಫೋನ್ ನಂಬರು ಕೆಳಗೆ. ಅಜ್ಜಿಯ ಮಂಡಿನೋವು, ಮೊಮ್ಮಗನ ಜ್ವರ, ಎಲ್ಲರ ಕಾರ್ಡೂ ಅದರೊಳಗೆ. ಯಾರು ಬಂದರೂ ಆ ಫೈಲು ಕೈಗೆ ಸಿಗುತ್ತದೆ, ಕಾಯುವ ಹೊತ್ತಿಗೆ ತಿರುವಿ ಹಾಕುತ್ತಾರೆ. ಹಾಗಾಗಿಯೇ ನಾಲ್ಕು ವರ್ಷದ ಹಿಂದೆ ಹೊಸ ಮದುಮಗಳು ಶೈಲಶ್ರೀ ಒಬ್ಬಳೇ ಬಂದು, ಕೌಂಟರಿನ ಮೇಲೆ ಕೈಯೂರಿ, "ಅಕ್ಕಾ, ನಮ್ಮ ಫೈಲಿನ್ಯಾಗ ಬರೀಬ್ಯಾಡ್ರಿ, ನಿಮ್ಮ ಕಾಲ್ ಬೀಳ್ತೀನಿ" ಎಂದಾಗ ದಮಯಂತಿ ಅವಳ ಕಾರ್ಡನ್ನು ಬೇರೆ ಮಾಡಿ ತನ್ನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಳು. ತಿಂಗಳಿಗೊಮ್ಮೆ ಅರವತ್ತು ಮಾತ್ರೆ ಬಿಡಿಸಿ ಖಾಲಿ ಕ್ಯಾಲ್ಸಿಯಂ ಡಬ್ಬಿಗೆ ತುಂಬಿ ಕೊಡುವುದೂ ಅವಳದೇ ಉಪಾಯ. ಸೊಸೆ ಕ್ಯಾಲ್ಸಿಯಂ ನುಂಗಿದರೆ ಅತ್ತೆಯಂದಿರು ಸಂತೋಷಪಡುತ್ತಾರೆ. ನಾಲ್ಕು ವರ್ಷ ಒಂದು ಸಲವೂ ಫಿಟ್ಸ್ ಬಂದಿರಲಿಲ್ಲ.

ಆಮೇಲೆ ಕಂಪ್ಯೂಟರು ಬಂತು. ಯಾರೋ ಕಂಪನಿಯವರು ಡಾಕ್ಟರರನ್ನು ಒಪ್ಪಿಸಿ ಸಾಫ್ಟ್‌ವೇರು ಹಾಕಿಸಿದರು. ಐವತ್ತೆರಡನೇ ವಯಸ್ಸಿನಲ್ಲಿ ದಮಯಂತಿ ಒಂದೊಂದೇ ಬೆರಳಿನಲ್ಲಿ ಎರಡು ಸಾವಿರ ಕಾರ್ಡು ತುಂಬಿಸಿದಳು. ಹೆಸರು, ರೋಗ, ಮಾತ್ರೆ, ಮೊಬೈಲು. ಮೊಬೈಲಿನ ಜಾಗ ಖಾಲಿ ಬಿಟ್ಟರೆ ಆ ಹಾಳು ಯಂತ್ರ ಕೆಂಪಗಾಗಿ ಮುಂದೆ ಹೋಗಲು ಬಿಡುವುದಿಲ್ಲ. ಶೈಲಶ್ರೀಗೆ ಸ್ವಂತ ಫೋನಿಲ್ಲ. ಆ ಮನೆಯ ಎಷ್ಟು ಕಾಗದದ ಮೇಲೆ ಕಾಡಪ್ಪನ ನಂಬರು ಬರೆದಿದ್ದಳೋ, ಕೈ ತಾನಾಗಿ ಅದನ್ನೇ ಒತ್ತಿತು. ಜಾಗ ತುಂಬಲು ಒಂದು ನಂಬರು, ಅಷ್ಟೇ ಅಂದುಕೊಂಡಳು. ಅದು ತಿಂಗಳ ಎಲ್ಲ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ರೋಗದ ಹೆಸರನ್ನೂ ಸೇರಿಸಿ ಮೆಸೇಜು ಕಳಿಸುತ್ತದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಡಾಕ್ಟರಿಗೆ ಹೇಳಿದಳು. ಅವರು ಹಣೆ ಉಜ್ಜಿಕೊಂಡು, "ಛೇ, ಹೀಗಾಯ್ತಾ? ಆ ಮಯೂರ್‌ಗೆ ಫೋನ್ ಮಾಡು, ನನಗೆ ಇದೆಲ್ಲ ತಿಳಿಯುದಿಲ್ಲ" ಎಂದರು. ಮಯೂರ್ ಎಂದರೆ ಸಾಫ್ಟ್‌ವೇರ್ ಕಂಪನಿಯವನು. ಅಲ್ಲೇ ಹತ್ತಿರದ ನೆರೂಳದಲ್ಲಿ ಹುಟ್ಟಿ ಬೆಳೆದ ಕನ್ನಡದವರ ಮಗನೇ, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಅರೇ ಆಂಟಿ, ಟೆನ್ಶನ್ ಮತ್ ಲೋ. ನಂಬರ್ ಚೇಂಜ್ ಕರ್ ದೋ, ಬಸ್."

ಅಷ್ಟೇನಾ! ದಮಯಂತಿ ಕಾಡಪ್ಪನ ನಂಬರನ್ನು ಅಳಿಸಿ, ಅಲ್ಲಿ ತನ್ನ ನಂಬರನ್ನೇ ಹಾಕಿದಳು. ಇನ್ನು ಶೈಲಶ್ರೀಯ ಮೆಸೇಜು ತನಗೇ ಬರಲಿ. ಎರಡೆರಡು ಸಲ ತೆರೆದು ನೋಡಿದಳು. ತನ್ನ ನಂಬರೇ ಇತ್ತು.

ಗುರುವಾರ ಕಾಡಪ್ಪನ ಹೆಂಡತಿ ಕಲ್ಲವ್ವ ಸೊಸೆಯ ಜೊತೆ ಬಂದೇ ಬಂದಳು. "ನನಗ್ಯಾವ ಶುಗರ್ ಬಂದೈತಿ? ಬಿಟ್ಟಿ ಸೂಜಿ ಚುಚ್ಚಸ್ಕೊಳ್ಳಾಕ ಕರ್ಕೊಂಡ್ ಬಂದೀರಿ," ಎಂದು ಗೊಣಗುತ್ತಾ ಡಾಕ್ಟರರ ಕೋಣೆಗೆ ಹೋದಳು. ಬಾಗಿಲು ಮುಚ್ಚಿದ್ದೇ ದಮಯಂತಿ ಶೈಲಶ್ರೀಯನ್ನು ಹತ್ತಿರ ಕರೆದು ಆದದ್ದನ್ನೆಲ್ಲ ಪಿಸುಗುಟ್ಟಿದಳು. ಹುಡುಗಿಯ ಮುಖ ಬಿಳಿಚಿಕೊಂಡಿತು.

"ಮತ್ತ ಬರತೈತೇನ್ರಿ ಅಕ್ಕಾ?"

"ಇಲ್ಲ, ನಂಬರೇ ತೆಗೆದಿದ್ದೇನೆ. ಇನ್ನು ಬಂದ್ರೆ ನನಗೇ ಬರುದು."

"ಸೋಮವಾರ ಮುಂಜಾನೆ ಮಾವಾರು ಜಳಕಕ್ಕ ಹೋದಾಗ ನಾ ಫೋನ್ ತೆಗದು ನೋಡ್ಲೇನ್ರಿ? ಬರೂ ವಾರ ಇವ್ರದು ಸೆಕೆಂಡ್ ಶಿಫ್ಟ್. ಮುಂಜಾನೆ ಮನ್ಯಾಗ ಇರ್ತಾರ. ಮಾವಾರ ಫೋನಿಗೆ ಏನ್ ಬಂದ್ರೂ ಇವ್ರ ಓದಿ ಹೇಳ್ತಾರ."

"ಬೇಡ ಮಗಾ, ಫೋನೆಲ್ಲ ಮುಟ್ಲಿಕ್ಕೆ ಹೋಗ್ಬೇಡ. ಸುಮ್ನೆ ಅನುಮಾನ ಬರ್ತದೆ. ನಾನು ಇದ್ದೇನಲ್ಲ?"

ಶೈಲಶ್ರೀ ತಲೆಯಾಡಿಸಿದಳು. ಅವಳ ಮುಖಕ್ಕೆ ಬಣ್ಣ ಮರಳುವುದನ್ನು ನೋಡಿ ದಮಯಂತಿಗೆ ಹೆಮ್ಮೆಯೇ ಆಯಿತು, ಏನೋ ದೊಡ್ಡದನ್ನು ಸಾಧಿಸಿದವಳ ಹಾಗೆ. ಅಂದೇ ಡಬ್ಬಿಯನ್ನೂ ಕೊಡಬಹುದಿತ್ತು. ಆದರೆ ಕಲ್ಲವ್ವ ಸೆರಗಿನಿಂದ ಬೆರಳು ಒತ್ತಿಕೊಂಡು ಹೊರಗೆ ಬಂದುಬಿಟ್ಟಳು. ಹೇಗೂ ಮಂಗಳವಾರದವರೆಗೆ ಸಾಕಾಗುವಷ್ಟು ಮಾತ್ರೆ ಮನೆಯಲ್ಲಿತ್ತು.

ಸೋಮವಾರ ದಮಯಂತಿ ಅರ್ಧ ಗಂಟೆ ಮೊದಲೇ ಬಂದು ಕ್ಲಿನಿಕ್ಕಿನ ಶಟರು ಎತ್ತಿದಳು. ನೆಲ ಒರೆಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ತನ್ನ ಫೋನನ್ನು ಕೌಂಟರಿನ ಮೇಲಿಟ್ಟುಕೊಂಡು ಕೂತಳು. ಅವಳಿಗೂ ಬಿಪಿ ಇದೆ, ಅವಳ ಕಾರ್ಡೂ ಕಂಪ್ಯೂಟರಿನಲ್ಲಿದೆ. ಅಂದರೆ ಎರಡು ಮೆಸೇಜು ಬರಬೇಕು. ಒಂದು ತನ್ನದು, ಒಂದು ಶೈಲಶ್ರೀಯದು.

ಸರಿಯಾಗಿ ಒಂಬತ್ತಕ್ಕೆ ಫೋನು ಟಣ್ ಎಂದಿತು. 'ದಮಯಂತಿಯವರೇ, ನಿಮ್ಮ ಬಿಪಿ ಮಾತ್ರೆ...'

ಇನ್ನೊಂದಕ್ಕೆ ಕಾದಳು. ಒಂಬತ್ತು ಐದು. ಒಂಬತ್ತು ಹತ್ತು. ಪಕ್ಕದ ಕಿರಾಣಿ ಅಂಗಡಿಯವನು ಅಕ್ಕಿ ಮೂಟೆ ಇಳಿಸಿಕೊಳ್ಳುತ್ತಿದ್ದ. ಫೋನು ಕೆಟ್ಟಿದೆಯೋ ಎಂದು ಅಲ್ಲಾಡಿಸಿ ನೋಡಿದಳು, ಆರಿಸಿ ಮತ್ತೆ ಹಚ್ಚಿದಳು. ಕೊನೆಗೆ ಮಯೂರ್‌ಗೆ ಫೋನು ಮಾಡಿದಳು.

"ಲಿಸ್ಟ್ ತೋ ಪೆಹಲೀ ತಾರೀಖ್ ಕೋ ಹೀ ಚಲೀ ಜಾತೀ ಹೈ, ಆಂಟಿ. ಆಪ್‌ಕಾ ಚೇಂಜ್ ಅಗಲೇ ಮಹೀನೇ ಸೇ ಲಗೇಗಾ."

"ಅಂದ್ರೆ? ಲಿಸ್ಟ್ ಒಂದನೇ ತಾರೀಕಿಗೇ ಹೋಗಿ ಆಗಿದೆಯಾ? ಈ ತಿಂಗಳು ಪೂರಾ ಹಳೇ ನಂಬರಿಗೇ ಹೋಗುದಾ? ಮೊದಲೇ ಯಾಕೆ ಹೇಳ್ಲಿಲ್ಲ ಮಾರಾಯಾ?"

"ಆಪ್‌ನೇ ಪೂಛಾ ನಹೀಂ, ಆಂಟಿ."

ಹೌದು, ಅವಳು ಕೇಳಿರಲಿಲ್ಲ. ಏನು ಕೇಳಬೇಕೆಂದು ಗೊತ್ತಿದ್ದರಲ್ಲವೇ ಕೇಳುವುದು! ಕಾಡಪ್ಪನ ಮನೆ ಎರಡೇ ಗಲ್ಲಿ ಆಚೆ. ದಮಯಂತಿ ಚಪ್ಪಲಿ ಮೆಟ್ಟಿ ಅರ್ಧ ದಾರಿ ಓಡಿದಳು. ಹೋಗಿ ಏನು ಹೇಳುವುದು? ಫೋನು ಕೊಡಿ, ಮತ್ತೆ ಸುಳ್ಳು ಓದುತ್ತೇನೆ ಎನ್ನುವುದೇ? ಅಂಚೆಪೆಟ್ಟಿಗೆಯ ಹತ್ತಿರ ನಿಂತವಳು ನಿಂತೇ ಇದ್ದಳು. ಆಮೇಲೆ ವಾಪಸು ಬಂದು, ಮೊದಲ ಪೇಷಂಟಿಗೆ ಚೀಟಿ ಹರಿದು ಕೊಟ್ಟಳು.

ಬುಧವಾರ ಕಾಡಪ್ಪ ಬಂದ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಎಂದಿನ ಹಾಗೆ ಕೈ ಮುಗಿದು, ಮೆಲ್ಲಗೆ, "ನಮ್ಮ ಫೈಲ್ ಕೊಡ್ರಿ" ಎಂದ.

"ಶೈಲಶ್ರೀ ಹೇಗಿದ್ದಾಳೆ?"

"ತವರಿಗೆ ಹೋದ್ಲು. ಸೋಮವಾರ ಫೋನಿಗೆ ಬಂದದ್ದನ್ನ ಪ್ರಭುದೇವ ಓದಿದ. ನಿನ್ನೆ ತಾನ ಸಿಂದಗಿ ಕಡೆ ಬಸ್ಸಿಗೆ ಹತ್ತಿಸಿ ಬಂದಾನ. ಇನ್ನ ಆ ಸುದ್ದಿ ನಮ್ಮ ಮನ್ಯಾಗ ಇಲ್ರಿ."

ಡಾಕ್ಟರು ಮಾತು ಕೇಳಿಸಿಕೊಂಡು ಹೊರಗೆ ಬಂದರು. ಫಿಟ್ಸ್ ಅಂಟುಜಾಡ್ಯವಲ್ಲ, ಮಾತ್ರೆ ತೆಗೆದುಕೊಂಡರೆ ಎಲ್ಲರ ಹಾಗೆ ಬದುಕಬಹುದು, ನಾಲ್ಕು ವರ್ಷ ನಿಮ್ಮ ಮನೆಯಲ್ಲೇ ಬದುಕಲಿಲ್ಲವೇ ಎಂದು ಬಿಡಿಸಿ ಹೇಳಿದರು. ಕಾಡಪ್ಪ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದ.

"ಖರೇ ಇರಬಹುದ್ರಿ ಡಾಕ್ಟರ. ಆದ್ರ ಎಲ್ಲಾರೂ ಕೂಡಿ ನಮಗೊಬ್ಬರಿಗೇ ಯಾಕ ಹೇಳ್ಲಿಲ್ಲ?"

ದಮಯಂತಿ ಫೈಲು ತೆಗೆದುಕೊಟ್ಟಳು. ಆಮೇಲೆ ಡ್ರಾಯರು ಎಳೆದು, ಮೊನ್ನೆಯೇ ತುಂಬಿಸಿಟ್ಟಿದ್ದ ಡಬ್ಬಿಯನ್ನು ಅವನ ಮುಂದೆ ಇಟ್ಟಳು.

"ಅವಳನ್ನು ಕರೆಸುದು ಬಿಡುದು ನಿಮ್ಮಿಷ್ಟ. ಆದ್ರೆ ಮಾತ್ರೆ ಒಮ್ಮೆಲೇ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ ಉಂಟು. ಹೇಗಾದ್ರೂ ಇದನ್ನೊಂದು ಮುಟ್ಟಿಸಿ, ನಿಮ್ಮ ದಮ್ಮಯ್ಯ. ಇಲ್ಲದಿದ್ರೆ ಅವಳ ತವರಿನ ಫೋನ್ ನಂಬರಾದ್ರೂ ಕೊಡಿ."

ಕಾಡಪ್ಪ ಡಬ್ಬಿ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದು ನಮ್ಮ ಮನ್ಯಾಗೂ ಇತ್ತು. ಕ್ಯಾಲ್ಸಿಯಂ ಅಂದಿದ್ಲು." ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. "ಬಾಯಾರ, ನನಗ ಇಂಗ್ಲಿಷ್ ಓದಾಕ ಬರೂದಿಲ್ಲ. ನೀವು ಓದಿ ಹೇಳಿದ್ದನ್ನ ನಂಬಿ, ಹೇಂತಿನ್ನ ಕಳಿಸಿ ಸೂಜಿ ಚುಚ್ಚಿಸಿದ್ನಿ. ಈಗ ಇದ್ರಾಗ ಏನೈತಿ ಅಂತ ಯಾರನ್ನ ಕೇಳ್ಲಿ?"

ಡಬ್ಬಿಯನ್ನು ಎತ್ತಿದ ಜಾಗದಲ್ಲೇ ಇಟ್ಟು, ಫೈಲನ್ನು ಕಂಕುಳಿಗೆ ಸೇರಿಸಿ ನಡೆದ. "ಕಾಡಪ್ಪನೋರೇ, ನಂಬರು..." ಎಂದು ದಮಯಂತಿ ಕೂಗಿದ್ದು ಅವನಿಗೆ ಕೇಳಿಸಿತೋ ಇಲ್ಲವೋ. ಸಿಂದಗಿ ಕಡೆ ಎಂದರೆ ಎಷ್ಟು ಹಳ್ಳಿ! ಶೈಲಶ್ರೀಯ ತಂದೆಯ ಹೆಸರನ್ನು ಅವಳು ಒಂದು ದಿನವೂ ಕೇಳಿರಲಿಲ್ಲ. ಡ್ರಾಯರಿನ ಕಾರ್ಡಿನಲ್ಲಿ ಬೇಕೆಂದೇ ಹೆಚ್ಚೇನೂ ಬರೆದಿರಲಿಲ್ಲ. ಹೆಸರು, ರೋಗ, ಮಾತ್ರೆ, ಅಷ್ಟೇ.

ಮುಂದಿನ ತಿಂಗಳ ಮೊದಲ ಸೋಮವಾರ ದಮಯಂತಿ ಊದುಬತ್ತಿ ಹಚ್ಚುತ್ತಿದ್ದಾಗ ಕೌಂಟರಿನ ಮೇಲೆ ಫೋನು ಟಣ್ ಎಂದಿತು. ಅದರ ಬೆನ್ನಿಗೇ ಇನ್ನೊಮ್ಮೆ ಟಣ್ ಎಂದಿತು. ಮೊದಲನೆಯದು ಅವಳ ಬಿಪಿಯದು. ಎರಡನೆಯದನ್ನು ಅವಳು ನಿಂತೇ ಓದಿದಳು.

'ಶೈಲಶ್ರೀಯವರೇ, ನಿಮ್ಮ ಫಿಟ್ಸ್ ಮಾತ್ರೆ ಮುಗಿದಿದೆ. ದಯವಿಟ್ಟು ಬಂದು ಡಾಕ್ಟರರನ್ನು ಕಾಣಿ.'

ಹೊರಗೆ ಪೇಷಂಟುಗಳು ಬರತೊಡಗಿದ್ದರು. ಚೀಟಿ ಪುಸ್ತಕಕ್ಕಾಗಿ ದಮಯಂತಿ ಡ್ರಾಯರು ಎಳೆದಳು. ಒಳಗೆ ಡಬ್ಬಿ ಉರುಳಿಬಂದು ಮುಂದಿನ ಹಲಗೆಗೆ ತಾಗಿತು, ಅರವತ್ತು ಮಾತ್ರೆಗಳು ಅದರೊಳಗೆ ಗಲಗಲ ಎಂದು ಸುಮ್ಮನಾದವು.