ತಿನ್ನುವುದಲ್ಲ, ತಿಕ್ಕುವುದು

ನಿಂಬರ್ಗಾದ ಬುದ್ಧವಿಹಾರದಲ್ಲಿ ‘ಬುದ್ಧಂ ಸರಣಂ ಗಚ್ಛಾಮಿ’ ಎಂದು ಶುರುವಾಗುವ ತ್ರಿಸರಣವನ್ನು ಮೊದಲು ಎತ್ತುವ ದನಿ ಕಸ್ತೂರಿಬಾಯಿಯದು. ಅವಳು ಹೇಳಿದಂತೆ ಸಭೆ ಹೇಳುತ್ತಿತ್ತು. ಮುಂದಿನ ಹಲ್ಲುಗಳು ಅಲುಗತೊಡಗಿದಾಗ ಅವಳು ಹೆದರಿದ್ದು ನೋವಿಗಲ್ಲ. ‘ಸರಣಂ’ ಎಂಬ ಮಾತಿನ ಸಕಾರ ಬಾಯಿಂದ ಜಾರಿಹೋದೀತೆಂದು.

ಸೊಸೆ ಮೈತ್ರಿ ಅವಳನ್ನು ಆಳಂದದ ದಂತವೈದ್ಯೆ ನಾಗರತ್ನಾ ಅವರಲ್ಲಿಗೆ ಕರೆದೊಯ್ದಳು. ಒಸಡಿನ ಉರಿಯೂತ ಹಲ್ಲಿನ ಬುಡದ ಎಲುಬನ್ನು ಕರಗಿಸುತ್ತಿತ್ತು. ವೈದ್ಯೆ ಕಿಟ್ಟವನ್ನು ಕೆರೆದು ತೆಗೆದು, ನೆಲ್ಲಿಕಾಯಿ ಮತ್ತು ದಾಳಿಂಬೆ ಸಿಪ್ಪೆಯ ಸತ್ತ್ವದ ಲೇಪವೊಂದನ್ನು ಕೊಟ್ಟರು.

“ಇದು ಇನ್ನೂ ಪರೀಕ್ಷಾದಾಗ ಇರೋ ಮದ್ದು, ಆಯಿ. ಹೋದ ಎಲುಬು ತಿರುಗಿ ಬರಂಗಿಲ್ಲ. ಉಳಿದಿದ್ದು ಉಳದ್ರ ಉಳೀಬಹುದು. ತಂಬಾಕು ತಿಂತೀರೇನ್ರಿ?”

“ಇಲ್ರಿ ಡಾಕ್ಟರಬಾಯಿ, ನಿಮ್ಮಾಣಿ. ನೀವು ಡಾಕ್ಟರಬಾಯಿ, ನಾ ಕಸ್ತೂರಿಬಾಯಿ. ಹಲ್ಲಷ್ಟ ನಿಮ್ಮ ಕಡೀಗಿ ಹೋಗ್ಯಾವ!”

ವೈದ್ಯೆ ನಕ್ಕರು. ಕಸ್ತೂರಿಬಾಯಿ ಸುಳ್ಳಾಡಿರಲಿಲ್ಲ.

ಜೋಳದ ರಾಶಿ ಮುಗಿದ ಮೇಲೆ ತೆಗೆದ ಎಕ್ಸ್‌ರೇಯಲ್ಲಿ ಎಲುಬು ಇನ್ನಷ್ಟು ಕುಸಿದಿತ್ತು. ವೈದ್ಯೆಯ ಮುಖ ಬಾಡಿತು.

“ಲೇಪ ಹ್ಯಾಂಗ ಹಚ್ಚತೀರಿ, ತೋರಸ್ರಿ.”

ಕಸ್ತೂರಿಬಾಯಿ ಅಂಗೈ ಮೇಲೆ ಲೇಪವನ್ನು ಹಿಂಡಿಕೊಂಡಳು. ಸೊಂಟದ ಚಂಚಿಯಿಂದ ಕಪ್ಪು ಪುಡಿ ತೆಗೆದು ಅದಕ್ಕೆ ಬೆರೆಸಿ, ಬೆರಳಿನಿಂದ ಒಸಡಿಗೆ ಗಸಗಸನೆ ತಿಕ್ಕಿದಳು.

“ಇದೇನ್ರಿ ಆಯಿ?”

“ಮಿಶ್ರಿ. ಮದ್ದು ಒಳಗ ಇಳೀಲಿ ಅಂತ.”

“ಅತ್ತಿ, ಅದು ಹುರಿದ ತಂಬಾಕಲ್ಲೇನು!” ಮೈತ್ರಿ ಚೀರಿದಳು.

“ತಂಬಾಕು ತಿನ್ನೋದಿಲ್ಲ ಅಂದಿದ್ರಿ...” ವೈದ್ಯೆಯ ದನಿ ಇಳಿಯಿತು.

“ಯಾರ ತಿಂತಾರಬೇ? ತಿಕ್ಕತೇನಿ, ಉಗುಳತೇನಿ. ನಮ್ಮವ್ವನೂ ಹಂಗ ತಿಕ್ಕತಿದ್ದಳು.”

ಉರಿಯನ್ನು ಆರಿಸಲೆಂದು ಕೊಟ್ಟ ಸತ್ತ್ವವನ್ನು ಅವಳು ದಿನವೂ ಶ್ರದ್ಧೆಯಿಂದ ಬೆಂಕಿಗೇ ಕಲಸಿದ್ದಳು. ತಮ್ಮ ಪ್ರಶ್ನೆಯಲ್ಲಿ ಕ್ರಿಯಾಪದ ತಪ್ಪಿತ್ತೆಂಬುದು ವೈದ್ಯೆಗೆ ಅರಿವಾಗುವಷ್ಟರಲ್ಲಿ ಆ ಹಲ್ಲುಗಳಿಗೆ ನಿಲ್ಲಲು ನೆಲೆಯೇ ಉಳಿದಿರಲಿಲ್ಲ. ಅವನ್ನು ಕೀಳಲು ಬಲವೂ ಬೇಕಾಗಲಿಲ್ಲ.

ಹುಣ್ಣಿಮೆಯ ದಿನ ಮೈತ್ರಿ ಬೇಡವೆಂದರೂ ಕಸ್ತೂರಿಬಾಯಿ ವಿಹಾರದಲ್ಲಿ ಎಂದಿನ ಸ್ಥಳದಲ್ಲೇ ಕುಳಿತಳು. ಕೈಮುಗಿದು, ಕಣ್ಣುಮುಚ್ಚಿ, ಎತ್ತಿದಳು:

“ಬುದ್ಧಂ ಹರಣಂ...”

ಬಳಿಕ ಸಭೆ, ಅವಳಿಗೆ ನೋವಾಗದಿರಲೆಂದು ಮೆಲ್ಲಗೆ, “ಸರಣಂ” ಎಂದು ತಿದ್ದಿ ಹೇಳಿತು. ಅಷ್ಟು ವರ್ಷಗಳಲ್ಲಿ ಅವಳನ್ನು ಯಾರೂ ತಿದ್ದಿರಲಿಲ್ಲ.

‘ಧಮ್ಮಂ’ ಎತ್ತಬೇಕಾದ ಬಾಯಿಯನ್ನು ಅವಳು ಸೆರಗಿನಿಂದ ಮುಚ್ಚಿಕೊಂಡಳು. ಸಭೆ ಕಾಯಿತು. ಕೊನೆಗೆ ಹಿಂದಿನ ಸಾಲಿನಿಂದ ಮೈತ್ರಿ, ಅಳುಕುತ್ತ, ಎತ್ತಿದಳು.