ಎರಡು ಬೆರಳಳತೆಯ ಬಲೆ

ಮೀನು ಮೊಟ್ಟೆಯಿಡುವ ಆ ಕೊಲ್ಲಿಯಲ್ಲಿ ಸಣ್ಣ ಕಣ್ಣಿನ ಬಲೆ ಬೀಸುವಂತಿಲ್ಲ, ಬೀಸಿದರೆ ಅಲ್ಲೇ ಕತ್ತರಿಸಲಾಗುವುದು ಎಂದು ದಡದುದ್ದಕ್ಕೂ ಮೈಕಿನಲ್ಲಿ ಸಾರಿದವನು ಗಸ್ತು ದೋಣಿಯ ಪೇದೆ. ಕೇಳಿಯೂ ಕೇಳದಂತೆ ಇದ್ದವಳು ಅವನ ಸ್ವಂತ ಅಕ್ಕ.

ಗಂಡ ಸತ್ತ ಮೇಲೆ ದೋಣಿಯನ್ನು ತಾನೇ ನಡೆಸುತ್ತಿದ್ದ ಅಕ್ಕನಿಗೆ ಅವನು ಮನೆಗೆ ಹೋಗಿ ಎರಡು ಸಲ ಹೇಳಿದ್ದ. "ನಿನ್ನ ಕಾನೂನು ನಿನ್ನ ಟೋಪಿಯೊಳಗೇ ಇರ್ಲಿ, ಮೊದ್ಲು ಊಟ ಮಾಡು" ಎಂದು ಅವಳು ಬಾಯಿ ಮುಚ್ಚಿಸಿದ್ದಳು. ಅವಳ ಮುಂದೆ ಮಾತಿನಲ್ಲಿ ಗೆದ್ದವರು ಯಾರಿದ್ದಾರೆ!

ಇವತ್ತು ಹಾಡಹಗಲೇ ಸಿಕ್ಕಿಬಿದ್ದಳು. ಬಲೆಯಲ್ಲಿ ಬೆರಳುದ್ದದ ಮರಿಗಳು ಒದ್ದಾಡುತ್ತಿದ್ದವು.

"ನಮ್ಮ ಎಂಜಿನ್ ಕೆಟ್ಟಿತ್ತು ಅಂತ ಬರೆದುಬಿಡೋಣ್ವಾ?" ಗಸ್ತು ದೋಣಿ ಓಡಿಸುವವನು ಮೆಲ್ಲಗೆ ಕೇಳಿದ.

ಪೇದೆಗೂ ಆಸೆಯಾಯಿತು. ಆದರೆ ಹೋದ ತಿಂಗಳು ಪಕ್ಕದ ಮನೆಯ ಮುದುಕ ಕಾಲು ಹಿಡಿದರೂ ಬಿಡದೆ ಅವನ ಬಲೆ ಕತ್ತರಿಸಿದ್ದ. ಅಕ್ಕನನ್ನು ಬಿಟ್ಟರೆ ಇನ್ನು ಯಾವ ಮುಖ ಹೊತ್ತು ಆ ಬೀದಿಯಲ್ಲಿ ನಡೆಯುವುದು? ಅಕ್ಕನ ದೋಣಿಗೆ ಹಾರಿದ.

ಬಲೆಯ ಅಂಚು ಎತ್ತಿದೊಡನೆ ಗುರುತು ಹತ್ತಿತು. ಅದು ಅಪ್ಪ ಹೆಣೆದ ಬಲೆ. ಕಾಯಿಲೆ ಬಿದ್ದು ಕಡಲಿಗಿಳಿಯಲಾರದ ಕೊನೆಯ ವರ್ಷ, ಅಪ್ಪ ಹೊಸ್ತಿಲಲ್ಲಿ ಕೂತು, ಏಳು ವರ್ಷದ ಇವನನ್ನು ಎದುರಿಗೆ ಕೂರಿಸಿಕೊಂಡು, ಇವನ ಎರಡು ಬೆರಳಿಗೆ ದಾರ ಸುತ್ತಿ ಒಂದೊಂದೇ ಗಂಟು ಹಾಕುತ್ತಿದ್ದ. ಬೇಸರವಾಗಿ ಮಿಸುಕಿದರೆ, "ಅಲ್ಲಾಡ್ಬೇಡ ಮಗಾ, ಅಳತೆ ತಪ್ಪುತ್ತೆ" ಎನ್ನುತ್ತಿದ್ದ. ಅಪ್ಪನದೆಂದು ಉಳಿದದ್ದು ಅದೊಂದೇ.

ಪೇದೆ ಜೇಬಿನಿಂದ ಇಲಾಖೆಯ ಅಳತೆಪಟ್ಟಿ ತೆಗೆದ. ಅದು ಬಲೆಯ ಕಣ್ಣಿನೊಳಗೆ ಹೋಗಲಿಲ್ಲ.

"ಅದ್ಯಾಕೆ, ನಿನ್ನ ಬೆರಳೇ ಹಾಕಿ ನೋಡು" ಎಂದಳು ಅಕ್ಕ.

ಹಾಕಿದ. ಎರಡು ಬೆರಳೂ ಮೊದಲ ಗೆಣ್ಣಿಗೇ ಸಿಕ್ಕಿಕೊಂಡವು.

"ನಿನ್ನ ಅಳತೇಲೇ ಕಟ್ಟಿದ್ದು ಕಣೋ. ನೀನು ಬೆಳೆದೆ, ಅದು ಬೆಳೀಲಿಲ್ಲ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೇ ಅವನಿಗೆ ಹಗುರವಾಗುತ್ತಿತ್ತು.

ಚಾಕು ಬಿಚ್ಚಿದ. ಕೈ ಗಡಗಡ ನಡುಗುತ್ತಿತ್ತು, ದಾರಕ್ಕೆ ತಾಗಿಸಿದರೂ ಒತ್ತಲಾಗಲಿಲ್ಲ. ಅಕ್ಕ ಒಂದು ಗಳಿಗೆ ನೋಡಿದಳು. ಆಮೇಲೆ ತಾನೇ ಬಂದು ಎದುರಿಗೆ ಕೂತು, ಬಲೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದಳು.

"ಅಲ್ಲಾಡ್ಬೇಡ" ಎಂದಳು. "ಬೆರಳು ಕುಯ್ದುಕೊಂಡೀಯ."

ಅಲ್ಲಿಯವರೆಗೆ ತಡೆದುಕೊಂಡಿದ್ದವನು ಬಿಕ್ಕಿ ಬಿಕ್ಕಿ ಅತ್ತ. ಅಳುತ್ತಲೇ ಕತ್ತರಿಸಿದ. ಕೊನೆಯ ಗಂಟಿನವರೆಗೂ ಅಕ್ಕ ಕೈ ಬಿಡಲಿಲ್ಲ.